ಓದುಗರ ಪ್ರಶ್ನೆ: ಬೆಳಗಿದೊಡನೆ ಕಪ್ಪಾಗುವ ಮಾನಿಟರ್

ಪ್ರಶ್ನೆ: ನಾನು ಮನೆಯಲ್ಲಿಯೇ ಡಿ.ಟಿ.ಪಿ. ಕೆಲಸ ಮಾಡುತ್ತೇನೆ. ನನ್ನ 19 ಇಂಚಿನ ಹಳೆಯ ಎಲ್‌ಸಿಡಿ ಮಾನಿಟರ್ ಗುಂಡಿ ಒತ್ತಿದಾಗ ಎರಡು ಸೆಕೆಂಡು ಬೆಳಗಿ ಕಪ್ಪಾಗುತ್ತದೆ, ಗುಂಡಿಯ ಸಣ್ಣ ದೀಪ ಮಾತ್ರ ಉರಿಯುತ್ತಿರುತ್ತದೆ. ಮೊದಲು ನಾಲ್ಕಾರು ಸಲ ಒತ್ತಿದರೆ ಪರದೆ ನಿಲ್ಲುತ್ತಿತ್ತು, ಈಗ ಅದೂ ಇಲ್ಲ. ಅಂಗಡಿಯವರು ಹೊಸದನ್ನೇ ಕೊಳ್ಳಿರಿ ಎನ್ನುತ್ತಾರೆ. ಬೆಸುಗೆ ಹಾಕುವುದು ನನಗೆ ತಕ್ಕಮಟ್ಟಿಗೆ ಬರುತ್ತದೆ. ಮನೆಯಲ್ಲಿ ದುರಸ್ತಿ ಸಾಧ್ಯವೇ?
— ಓದುಗರು, ವಿಜಯಪುರ

ಉತ್ತರ: ಸಾಧ್ಯವಿದೆ. ತಿರುಪು ಬಿಚ್ಚುವ ಮೊದಲು, ಕಂಪ್ಯೂಟರ್ ಚಾಲೂ ಇರುವಾಗ ಕೋಣೆಯನ್ನು ಕತ್ತಲು ಮಾಡಿ, ಕಪ್ಪಾದ ಪರದೆಯ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿರಿ. ಅಕ್ಷರಗಳು ಮಸುಕಾಗಿಯಾದರೂ ಕಂಡರೆ ಪರದೆಯೂ ಚಿತ್ರ ಮೂಡಿಸುವ ಬೋರ್ಡೂ ಸರಿಯಾಗಿವೆ, ಹಿಂಬದಿಯ ದೀಪಗಳು ಮಾತ್ರ ಆರುತ್ತಿವೆ ಎಂದು ತಿಳಿಯಬಹುದು.

ಹಳೆಯ ಎಲ್‌ಸಿಡಿಗಳಲ್ಲಿ ಪರದೆಯ ಹಿಂದೆ ಪೆನ್ಸಿಲಿಗಿಂತ ತೆಳುವಾದ ಟ್ಯೂಬ್‌ಲೈಟುಗಳಿರುತ್ತವೆ. ಅವುಗಳಿಗೆ ವಿದ್ಯುತ್ ಒದಗಿಸುವ ಇನ್ವರ್ಟರ್ ಭಾಗಕ್ಕೆ ಪವರ್ ಬೋರ್ಡಿನಿಂದ ಸ್ಥಿರವಾದ ವೋಲ್ಟೇಜ್ ಬರದಿದ್ದರೆ ಅದು ತನ್ನ ರಕ್ಷಣೆಗಾಗಿ ತಾನೇ ಬಂದಾಗುತ್ತದೆ. ವೋಲ್ಟೇಜ್ ಕುಸಿಯಲು ಸಾಮಾನ್ಯ ಕಾರಣವೆಂದರೆ ಆ ಬೋರ್ಡಿನ ಕೆಪ್ಯಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಡಬ್ಬಿಯಂಥ ಬಿಡಿಭಾಗಗಳು) ಒಳಗಿನ ದ್ರವ ಒಣಗಿ ಶಕ್ತಿ ಕಳೆದುಕೊಂಡಿರುವುದು. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಇವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿಯ ಸಮೀಪವಿರುವ ನಮ್ಮ ಕಡೆ, ಗೋಡೆಗೆ ಒತ್ತಿ ಇಟ್ಟ, ಗಾಳಿಕಿಂಡಿಗಳಲ್ಲಿ ಧೂಳು ತುಂಬಿದ ಮಾನಿಟರಿನೊಳಗೆ ಅವು ಬೇಗ ಕೆಡುವುದು ಸಹಜ. ಹಲವು ಸಲ ಒತ್ತಿದ ಮೇಲೆ ಪರದೆ ನಿಲ್ಲುತ್ತಿತ್ತೆಂಬ ನಿಮ್ಮ ಮಾತೂ ಇದನ್ನೇ ಸೂಚಿಸುತ್ತದೆ, ಏಕೆಂದರೆ ಸೊರಗಿದ ಕೆಪ್ಯಾಸಿಟರ್ ತುಸು ಬೆಚ್ಚಗಾದಾಗ ಸ್ವಲ್ಪ ಸುಧಾರಿಸುತ್ತದೆ.

ಇನ್ನು ಮುಂದಿನದು ಜೀವದ ಪ್ರಶ್ನೆ, ದಯವಿಟ್ಟು ನಿಧಾನವಾಗಿ ಓದಿರಿ. ಪವರ್ ಬೋರ್ಡಿನಲ್ಲಿರುವ ಅತಿ ದೊಡ್ಡ, 400 ಅಥವಾ 450 ವೋಲ್ಟ್ ಎಂದು ಬರೆದಿರುವ ಕೆಪ್ಯಾಸಿಟರ್ ನಮ್ಮ 230 ವೋಲ್ಟ್ ವಿದ್ಯುತ್ತನ್ನು ಸುಮಾರು 325 ವೋಲ್ಟ್ ಡಿ.ಸಿ.ಯಾಗಿ ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಪ್ಲಗ್ ಕಿತ್ತು ಒಂದು ಗಂಟೆ ಬಿಟ್ಟು, ಮುಚ್ಚಳ ತೆರೆದ ಮೇಲೆ ಬೋರ್ಡಿಗೆ ಕೈ ಹಚ್ಚದೆ ಮಲ್ಟಿಮೀಟರ್‌ನಿಂದ ಅದರ ಎರಡು ತುದಿಗಳ ನಡುವೆ ಅಳೆಯಿರಿ. ವೋಲ್ಟೇಜ್ ಉಳಿದಿದ್ದರೆ ಹೋಲ್ಡರಿಗೆ ಹಾಕಿದ 60 ವಾಟಿನ ತಂತಿಬಲ್ಬಿನ ಎರಡು ವಯರುಗಳನ್ನು ಆ ತುದಿಗಳಿಗೆ ತಾಗಿಸಿ ಇಳಿಸಿರಿ, ನಂತರ ಮತ್ತೊಮ್ಮೆ ಅಳೆಯಿರಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಪದ್ಧತಿ ಬೇಡ. ಮನೆಯಲ್ಲಿ ಮಲ್ಟಿಮೀಟರ್ ಇಲ್ಲದಿದ್ದರೆ ಮುಚ್ಚಳವನ್ನೇ ತೆರೆಯಬೇಡಿರಿ.

ಬಿಚ್ಚುವಾಗ ಮಡಿಸಿದ ಕೌದಿಯ ಮೇಲೆ ಪರದೆಯನ್ನು ಬೋರಲಾಗಿ ಮಲಗಿಸಿ, ಸ್ಟ್ಯಾಂಡಿನ ತಿರುಪು ತೆಗೆದು, ಅಂಚಿನ ಕೊಕ್ಕೆಗಳನ್ನು ಹಳೆಯ ಎಟಿಎಂ ಕಾರ್ಡಿನಿಂದ ಎಬ್ಬಿಸಿರಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿರಿ. ತಲೆ ಉಬ್ಬಿದ ಅಥವಾ ಬುಡದಲ್ಲಿ ಕಂದು ಕಲೆಯಿರುವ ಸಣ್ಣ ಕೆಪ್ಯಾಸಿಟರ್‌ಗಳನ್ನು ಬದಲಿಸಿರಿ. ಒಂದೇ ಉಬ್ಬಿದ್ದರೂ ಅದರ ಜೊತೆಯವನ್ನೂ ಬದಲಿಸುವುದು ಒಳ್ಳೆಯದು, ಏಕೆಂದರೆ ಹೊರಗೆ ಸರಿಯಾಗಿ ಕಾಣುವುದೂ ಒಳಗೆ ಸೊರಗಿರಬಹುದು. ಹೊಸದರ ಮೈಕ್ರೋಫ್ಯಾರಡ್ (ಸಾಮರ್ಥ್ಯದ ಅಳತೆ) ಹಳೆಯದಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ. 105 ಡಿಗ್ರಿಯ, ಲೋ ಇಎಸ್‌ಆರ್ (ಒಳಗಿನ ವಿದ್ಯುತ್ ತಡೆ ಕಡಿಮೆಯಿರುವ) ಬಗೆಯದನ್ನೇ ಕೇಳಿ ತನ್ನಿರಿ. ಮೈಮೇಲಿನ ಪಟ್ಟಿ ಋಣ ತುದಿಯನ್ನು ತೋರಿಸುತ್ತದೆ, ತಿರುವುಮುರುವಾದರೆ ಕೆಪ್ಯಾಸಿಟರ್ ಸಿಡಿಯುತ್ತದೆ. ಇವು ಅಗ್ಗದ ಬಿಡಿಭಾಗಗಳು, ಅಷ್ಟರ ಸಲುವಾಗಿ ಒಳ್ಳೆಯ ಪರದೆಯೊಂದು ಗುಜರಿ ಸೇರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಬದಲಿಸಿದ ಮೇಲೂ ಪರದೆ ಆರಿದರೆ ಟ್ಯೂಬ್ ಅಥವಾ ಇನ್ವರ್ಟರಿನ ಟ್ರಾನ್ಸ್‌ಫಾರ್ಮರ್ ಕೆಟ್ಟಿರಬಹುದು. ಟ್ಯೂಬಿನಲ್ಲಿ ಪಾದರಸವಿರುವುದರಿಂದ ಆ ಕೆಲಸವನ್ನು ಅನುಭವಸ್ಥರಿಗೆ ಬಿಡಿರಿ.

ಪ್ರಶ್ನೆ: ನಮ್ಮ ಹಳೆಯ ಡಬ್ಬಿಯಾಕಾರದ ಮಾನಿಟರಿನ ಒಂದು ಮೂಲೆಯಲ್ಲಿ ನೇರಳೆ ಬಣ್ಣದ ಕಲೆ ಮೂಡಿದೆ. ತೆರೆದು ಸರಿಪಡಿಸಬಹುದೇ?
— ಓದುಗರು, ಬಾಗಲಕೋಟೆ

ಉತ್ತರ: ತೆರೆಯಬೇಡಿರಿ. ಆ ಚಿತ್ರನಳಿಗೆಯಲ್ಲಿ 20,000 ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ. ನಿಮ್ಮ ತೊಂದರೆಗೆ ತೆರೆಯುವ ಅಗತ್ಯವೂ ಬಹುಶಃ ಇಲ್ಲ, ಹತ್ತಿರದ ಸ್ಪೀಕರಿನ ಅಯಸ್ಕಾಂತದಿಂದ ಇಂಥ ಕಲೆ ಮೂಡುತ್ತದೆ. ಸ್ಪೀಕರನ್ನು ದೂರವಿಟ್ಟು, ಮಾನಿಟರನ್ನು ಅರ್ಧ ಗಂಟೆ ಬಂದ್ ಮಾಡಿ ಮತ್ತೆ ಹಚ್ಚಿರಿ. ತಣ್ಣಗಿದ್ದಾಗ ಹಚ್ಚಿದರೆ ಒಳಗಿನ ಸುರುಳಿ ಪರದೆಗೆ ಅಂಟಿದ ಕಾಂತೀಯತೆಯನ್ನು ತಾನೇ ಅಳಿಸುತ್ತದೆ. ನಾಲ್ಕೈದು ಸಲ ಹೀಗೆ ಮಾಡಿದರೂ ಕಲೆ ಹೋಗದಿದ್ದರೆ ಹಳೆಯ ಟಿ.ವಿ. ರಿಪೇರಿಯವರಲ್ಲಿಗೆ ಒಯ್ಯಿರಿ.