ತಾಯಿಯ ತಲೆ ಮುಟ್ಟಿ ಮಾಡಿದ ಆಣೆ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹುಡುಗನಿಗೆ 26. ಸಾಲ, ಮುರಿದುಬಿದ್ದ ನಿಶ್ಚಿತಾರ್ಥ, ತಿಂಗಳಿಂದ ನಿದ್ದೆಯಿಲ್ಲ. "ನಾನಿಲ್ದಿದ್ರೆ ನಿಮ್ಗೆಲ್ಲ ನಿರಾಳ" ಎಂದು ಒಮ್ಮೆ ಅಂದಾಗ ತಾಯಿ ತನ್ನ ತಲೆ ಮುಟ್ಟಿಸಿ, ಇನ್ನು ಸಾಯುವ ಯೋಚನೆ ಮಾಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದರು. ಇಂಥ ಆಣೆಗಳು ಆಪ್ತಸಮಾಲೋಚನೆ ಮಾಡುವ ನಮ್ಮಲ್ಲಿಗೆ ಮತ್ತೆ ಮತ್ತೆ ಬರುತ್ತವೆ, ಅದಕ್ಕೇ ಬರೆಯುತ್ತಿದ್ದೇನೆ.

ಎರಡನೇ ಭೇಟಿಯಲ್ಲಿ ಅವನನ್ನು ಕೇಳಿಯೇ ತಾಯಿಯನ್ನೂ ಕೂರಿಸಿಕೊಂಡೆ. "ಆಣೆ ಮಾಡವ್ನೆ ಮೇಡಂ, ಇನ್ನೇನು ಭಯ ಇಲ್ಲ" ಎಂದರು. ಅವನು ತಲೆ ಎತ್ತಲಿಲ್ಲ. "ಈಗ್ಲೂ ಹಂಗೇ ಅನ್ಸುತ್ತೆ ಕಣವ್ವ. ಹೇಳಿದ್ರೆ ಆಣೆ ಮುರಿದಂಗೆ ಅಂತ ಸುಮ್ನಿದ್ದೆ."

ಆಣೆ ಕಟ್ಟಿಹಾಕಿದ್ದು ಅವನ ಬಾಯನ್ನು. ಅದಿಲ್ಲದಿದ್ದರೆ ಹಿಡಿತವೇ ಇರುವುದಿಲ್ಲವಲ್ಲ ಎಂದು ಹಿರಿಯರು ನನ್ನ ಮೇಲೆ ರೇಗುವುದುಂಟು. ರೇಗಲಿ.

ಬದಲಿಗೆ ನೇರವಾಗಿ ಪ್ರಶ್ನೆ ಕೇಳುವುದನ್ನು ತಾಯಿಗೆ ಕಲಿಸಿದೆ. "ಅಂಥಾ ಕೆಟ್ಟ ಯೋಚ್ನೆ ಏನೂ ಇಲ್ಲ ತಾನೆ?" ಎಂದರು ತಾಯಿ. ಅದರೊಳಗೇ 'ಇಲ್ಲ' ಎಂಬ ಉತ್ತರ ಕೂತಿದೆ. ಮೂರನೇ ಸಲಕ್ಕೆ ಬಂತು: "ಸಾಯ್ಬೇಕು ಅನ್ನಿಸ್ತಾ ಐತಾ ಮಗ?" ಹುಡುಗ ಅತ್ತ, ಆಮೇಲೆ ಮಾತಾಡಿದ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಹೇಗೆ, ಯಾವಾಗ ಎಂಬುದೂ ಗಟ್ಟಿಯಾಗಿದ್ದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸ್ ಕೇಸಿನ ಅಂಜಿಕೆ ಬೇಡ: ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ.

ಅವನಲ್ಲಿ ಅಷ್ಟು ಗಟ್ಟಿಯಾಗಿರಲಿಲ್ಲ. ಆ ಯೋಚನೆ ಬಂದಾಗ ಮಾಡಬೇಕಾದ್ದನ್ನು ಅರ್ಧ ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿದೆ. ಮೊದಲ ಸುಳಿವು: ಊಟ ಬೇಡವೆಂದು ಕೋಣೆ ಬಾಗಿಲು ಹಾಕಿಕೊಳ್ಳುವುದು. ಆಗ ಮಾಡಬೇಕಾದ್ದು: ಡೇರಿಯವರೆಗೆ ನಡೆದು ಬರುವುದು. ಕಡಿಮೆಯಾಗದಿದ್ದರೆ ಚಿಕ್ಕಪ್ಪ, ಆಮೇಲೆ ಗೆಳೆಯ, ಆಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. "ಬೇಜಾರು" ಎಂದಷ್ಟೇ ಹೇಳಿದರೆ ಗೆಳೆಯನಿಗೆ ಅರ್ಥವಾಗಲಿಲ್ಲವಂತೆ. ಹಾಗಾಗಿ ಹೇಳಬೇಕಾದ ವಾಕ್ಯವನ್ನೂ ಬರೆಸಿದೆ: "ಸಾಯೋ ಯೋಚ್ನೆ ಬರ್ತಿದೆ, ಜೊತೇಲಿರು." ಕೇಳಿದವರು ಬುದ್ಧಿ ಹೇಳಕೂಡದು, ಗುಟ್ಟಾಗಿಡುತ್ತೇನೆಂದು ಮಾತು ಕೊಡಕೂಡದು.

ಹೊಲದ ಔಷಧಿ ಅಂದೇ ಚಿಕ್ಕಪ್ಪನ ಮನೆ ಸೇರಿ, ಬೀಗದ ಕೈ ಅವರ ಸೊಂಟಕ್ಕೆ ಹೋಯಿತು. ಮನೋವೈದ್ಯರ ಮಾತ್ರೆಗಳೂ ವಾರಕ್ಕಾಗುವಷ್ಟೇ, ಅದೂ ತಾಯಿಯ ಕೈಯಲ್ಲಿ. ಸಾಯಬೇಕೆನ್ನಿಸುವ ಆ ತೀವ್ರ ಗಳಿಗೆ ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಷ್ಟು ಹೊತ್ತು ಏನೂ ಕೈಗೆಟುಕದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ಮೂರು ವಾರದ ಮೇಲೆ ಒಂದು ರಾತ್ರಿ ಅವನು ಹಾಳೆ ತೆಗೆದ. ಚಿಕ್ಕಪ್ಪ ಫೋನ್ ಎತ್ತಲಿಲ್ಲ. ಗೆಳೆಯ ಎತ್ತಿದ.