ಮಂಗಳೂರಿನಿಂದ ಉಡುಪಿ ಮೇಲೆ ಹೋಗುವ ಮುಂಬೈ ರೈಲನ್ನೇ ರೈಲ್ವೆಯವರು ರದ್ದು ಮಾಡಲು ಹೊರಟರೆ ಉಡುಪಿ ನಗರಸಭೆ ತಡೆಯಬಹುದಾ?

ನೇರವಾಗಿ ತಡೆಯಲು ಆಗುವುದಿಲ್ಲ. ರೈಲ್ವೆ ಕೇಂದ್ರ ಸರ್ಕಾರದ ಅಧಿಕಾರಕ್ಕೆ ಸೇರಿದ್ದು. ನಗರಸಭೆ ನಿರ್ಣಯ ಮಾಡಬಹುದು, ಆದರೆ ಸುಮ್ನೆ ಅಂಚೆಗೆ ಹಾಕಿದರೆ ಅದು ಫೈಲಿನಲ್ಲೇ ಕೂರುತ್ತದೆ. ಸಂಸದರ ಕೈಗೇ ಕೊಡಬೇಕು.

ಯಾರಿಗೆ ಬರೆಯುವುದು ಅನ್ನೋದೇ ನಮ್ಮಲ್ಲಿ ತಲೆನೋವು. ಮಂಗಳೂರು ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ಮಂಗಳೂರು ಹತ್ತಿರದ ತೋಕೂರಿನಿಂದಾಚೆ ಉಡುಪಿ ಕಡೆಗೆ ಕೊಂಕಣ ರೈಲ್ವೆ. ಎರಡೂ ಕಡೆ ಬರೆಯಿರಿ. ಕೊಂಕಣ ರೈಲ್ವೆ ನಿಗಮ ಕಟ್ಟುವಾಗ ಕರ್ನಾಟಕವೂ ಶೇ. 15 ಪಾಲು ಹಾಕಿತ್ತು, ಹಾಗಾಗಿ ಬೆಂಗಳೂರಿಗೆ ರಾಜ್ಯ ಸರ್ಕಾರಕ್ಕೂ ಒಂದು ಪ್ರತಿ ಹೋಗಲಿ.

ಅಮೆರಿಕದಲ್ಲಿ ಷಿಕಾಗೋ–ಲಾಸ್ ಏಂಜಲೀಸ್ ನಡುವಿನ ಸೌತ್‌ವೆಸ್ಟ್ ಚೀಫ್ ರೈಲು ಉಳಿಸಲು ಕಾನ್ಸಾಸ್, ಕೊಲೊರಾಡೊದ ಸಣ್ಣ ಊರುಗಳು ಹಳಿ ರಿಪೇರಿಗೆ ದುಡ್ಡನ್ನೇ ಕೊಟ್ಟವು. ನಮ್ಮ ನಗರಸಭೆಯಿಂದ ಅದು ಆಗದ ಮಾತು, ಅಲ್ವಾ? ಆದರೆ ಇಂದ್ರಾಳಿಯಲ್ಲಿರುವ ಉಡುಪಿ ರೈಲು ನಿಲ್ದಾಣದ ದಾರಿಗೆ ಒಳ್ಳೆ ಬೀದಿದೀಪವಂತೂ ಹಾಕಬಹುದು.