ಸ್ನೋದಿಂದ ಫ್ಲೈಟ್ ತಡವಾದರೆ ಮಯಾಮಿಯಲ್ಲಿ ಕ್ರೂಸ್ ಹಡಗು ನಮಗಾಗಿ ಕಾಯುತ್ತದೆಯೇ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ. ಜನವರಿ ಕೊನೆಯ ಶನಿವಾರ ಬೆಳಿಗ್ಗೆ 7ಕ್ಕೆ ನೆವಾರ್ಕ್‌ನಿಂದ ಫ್ಲೈಟ್, 10ರ ಸುಮಾರಿಗೆ ಮಯಾಮಿ, ಸಂಜೆ 4ಕ್ಕೆ ಹಡಗು. ಊರಿಂದ ಬಂದಿರುವ ಅತ್ತೆ ಮಾವ ಜೊತೆಗಿದ್ದಾರೆ. ಸ್ನೋ ಬಂದರೆ ಹಡಗು ಕಾಯುತ್ತಾ, ಇಲ್ಲದಿದ್ದರೆ ಮುಂದಿನ ನಿಲ್ದಾಣವಾದ ಮೆಕ್ಸಿಕೋದ ಕೊಜುಮೆಲ್‌ಗೆ ಹೋಗಿ ಹತ್ತಬಹುದಾ ಎಂದು ಕೇಳಿದ್ದೀರಿ.

ಹಡಗು ಕಾಯುವುದಿಲ್ಲ. ಕೊಜುಮೆಲ್‌ನಲ್ಲಿ ಹತ್ತುವುದು ನಿಮ್ಮ ಮನೆಯವರೆಲ್ಲರ ವೀಸಾ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಇನ್ನೂ ಸಮಯ ಇದೆ. ಫ್ಲೈಟನ್ನು ಗುರುವಾರಕ್ಕೆ ಬದಲಾಯಿಸಿ. ಶುಕ್ರವಾರಕ್ಕಲ್ಲ, ಗುರುವಾರಕ್ಕೆ. ನಾನು ಶುಕ್ರವಾರ ಹೊರಟವನು, ಅದಕ್ಕೇ ಹೇಳುತ್ತಿದ್ದೇನೆ.

2022ರ ಡಿಸೆಂಬರ್. ನಾವಾಗ ಶಿಕಾಗೋ ಹತ್ತಿರ ಇದ್ದೆವು. ಅಪ್ಪ ಅಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದಿದ್ದರು. ಅಪ್ಪ ಸಮುದ್ರ ನೋಡಿದ್ದೆಲ್ಲ ಹೊನ್ನಾವರ, ಮುರುಡೇಶ್ವರದ ದಡದಲ್ಲಿ ನಿಂತು. ಸಮುದ್ರದ ಮೇಲೆ ಒಂದು ರಾತ್ರಿ ಮಲಗಬೇಕು ಅನ್ನುವ ಆಸೆ ಅವರಿಗೆ ತುಂಬಾ ವರ್ಷದಿಂದ ಇತ್ತು. 24ರ ಶನಿವಾರ ಸಂಜೆ 4:30ಕ್ಕೆ ಮಯಾಮಿಯಿಂದ ಹೊರಡುವ 5 ರಾತ್ರಿಯ ಕ್ರೂಸ್ ಬುಕ್ ಮಾಡಿದೆ. 25ಕ್ಕೆ ಫ್ಲೋರಿಡಾದ ತುದಿಯ ಕೀ ವೆಸ್ಟ್, 26ಕ್ಕೆ ಕೊಜುಮೆಲ್. ಒಂದು ದಿನ ಮೊದಲೇ ಹೋಗೋಣ ಎಂದು ಶುಕ್ರವಾರ ಮಧ್ಯಾಹ್ನದ ಫ್ಲೈಟ್ ತೆಗೆದಿದ್ದೆ. ಅಮ್ಮ ಕೋಡುಬಳೆ, ಚಕ್ಕುಲಿ ಮಾಡಿ ಡಬ್ಬಿಗೆ ತುಂಬಿದ್ದಳು.

ಆ ವಾರದ ಚಳಿಗಾಳಿ ನಿಮಗೂ ನೆನಪಿರಬಹುದು. ಬಫಲೋ ಕಡೆ ಹತ್ತಾರು ಜನ ಸತ್ತರು. ಶಿಕಾಗೋದಲ್ಲಿ ಸ್ನೋ ಅಷ್ಟೇನೂ ಬೀಳಲಿಲ್ಲ. ಆದರೆ ಶುಕ್ರವಾರ ಬೆಳಿಗ್ಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿತ್ತು, ಜೊತೆಗೆ ಗಾಳಿ. ಇದನ್ನು ಯಾಕೆ ಹೇಳುತ್ತೇನೆಂದರೆ, ನೀವು ಸ್ನೋ ಬಗ್ಗೆ ಮಾತ್ರ ಯೋಚನೆ ಮಾಡುತ್ತಿದ್ದೀರಿ. ಫ್ಲೈಟ್ ನಿಲ್ಲಿಸಲು ಸ್ನೋನೇ ಬೀಳಬೇಕೆಂದಿಲ್ಲ. ಅಂಥ ಚಳಿಯಲ್ಲಿ ಲಗೇಜ್ ತುಂಬುವವರು ಹೊರಗೆ ಕೆಲವೇ ನಿಮಿಷ ನಿಲ್ಲಬಹುದು. ರೆಕ್ಕೆ ಮೇಲಿನ ಐಸ್ ತೆಗೆಯಲು ವಿಮಾನಗಳ ಸಾಲು ಬೆಳೆಯುತ್ತದೆ. ಅಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಟೈಮ್ ಮುಗಿಯುತ್ತದೆ, ಆಮೇಲೆ ಅವರು ಹಾರಿಸುವಂತಿಲ್ಲ. ಬೇರೆ ಪೈಲಟ್ ಇನ್ನಾವುದೋ ಊರಲ್ಲಿ ಸಿಕ್ಕಿಕೊಂಡಿರುತ್ತಾನೆ. ಆ ಒಂದೇ ದಿನ ಅಮೆರಿಕದಲ್ಲಿ 5,000ಕ್ಕೂ ಹೆಚ್ಚು ಫ್ಲೈಟ್ ರದ್ದಾದವು. ನಮ್ಮದು 2 ಗಂಟೆಗೆ ಅಂದರು, 4 ಅಂದರು, 7 ಅಂದರು. ರಾತ್ರಿ 9ಕ್ಕೆ ರದ್ದು.

ಶನಿವಾರ ಬೆಳಿಗ್ಗೆ 9ರ ಫ್ಲೈಟ್‌ನಲ್ಲಿ ನಾಲ್ಕು ಸೀಟು ಸಿಕ್ಕಿತು. ಹತ್ತಿ ಕೂತ ಮೇಲೆ ಐಸ್ ತೆಗೆಸುವ ಸಾಲಿನಲ್ಲೇ ಎರಡು ಗಂಟೆ ಹೋಯಿತು. ಮಯಾಮಿಯ ಗಡಿಯಾರ ಒಂದು ಗಂಟೆ ಮುಂದೆ ಬೇರೆ. ಇಳಿದಾಗ 3:40. ಲಗೇಜ್‌ಗೆ ಕಾಯದೆ ಟ್ಯಾಕ್ಸಿ ಹಿಡಿದೆವು. ಏರ್‌ಪೋರ್ಟಿನಿಂದ ಬಂದರಿಗೆ 13 ಕಿಲೋಮೀಟರ್ ಅಷ್ಟೆ. ಟರ್ಮಿನಲ್ ಮುಂದೆ ಇಳಿದಾಗ 4:10.

ಹಡಗು ಅಲ್ಲೇ ಇತ್ತು. ಹತ್ತುವ ಸೇತುವೆ ತೆಗೆದಾಗಿತ್ತು. ಮೇಲಿನ ಡೆಕ್‌ನಲ್ಲಿ ಜನ ಕೆಂಪು ಟೋಪಿ ಹಾಕಿಕೊಂಡು ಕೈ ಬೀಸುತ್ತಿದ್ದರು. ಕೆಳಗೆ ಕಿತ್ತಳೆ ಜಾಕೆಟ್‌ನ ಒಬ್ಬ ಮನುಷ್ಯ ದಪ್ಪ ಹಗ್ಗವನ್ನು ಕಂಬದಿಂದ ಎತ್ತಿ ನೀರಿಗೆ ಬಿಟ್ಟ. ಹಗ್ಗ ನಿಧಾನಕ್ಕೆ ಮೇಲೆ ಹೋಯಿತು. ಅಪ್ಪ ಅದನ್ನೇ ನೋಡುತ್ತಾ ನಿಂತಿದ್ದರು. "ಸಿಗಂದೂರು ಲಾಂಚ್ ಆಗಿದ್ದರೆ ದಡದಲ್ಲಿ ನಿಂತು ಒಂದು ಕೂಗು ಹಾಕಿದರೆ ಸಾಕಿತ್ತು ಕಣೋ, ವಾಪಸ್ ತಿರುಗಿಸುತ್ತಿದ್ದರು" ಅಂದರು. ನಮ್ಮ ಊರಿನ ಕಡೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ದೋಣಿ ಅದು. ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ ಅವರಿಗೆ. ಅದೇ ನನಗೆ ಜಾಸ್ತಿ ಸಂಕಟ ಆಯಿತು.

ಇಪ್ಪತ್ತು ನಿಮಿಷ ಇತ್ತಲ್ಲ, ಯಾಕೆ ಬಿಡಲಿಲ್ಲ ಎಂದು ನಾನೂ ಅವತ್ತು ಕೇಳಿದೆ. ನೀವು ನೋಡಬೇಕಾದ ಟೈಮ್ ಹಡಗು ಹೊರಡುವುದಲ್ಲ, ಚೆಕ್‌ಇನ್ ಮುಚ್ಚುವುದು. ಸಾಮಾನ್ಯವಾಗಿ ಅದು ಹೊರಡುವ 60ರಿಂದ 90 ನಿಮಿಷ ಮೊದಲು. ಹಡಗಿನಲ್ಲಿ ಯಾರ್ಯಾರಿದ್ದಾರೆ ಎಂಬ ಪೂರ್ತಿ ಪಟ್ಟಿಯನ್ನು ಹೊರಡುವ 60 ನಿಮಿಷ ಮೊದಲೇ ಅಮೆರಿಕದ ಗಡಿ ಇಲಾಖೆಗೆ ಕಳಿಸಬೇಕು. ನಿಮ್ಮ ಹಡಗು 4ಕ್ಕೆ ಅಂದರೆ ನಿಮ್ಮ ಪಾಲಿಗೆ ಅದು 2:30 ಅಂತಲೇ ಇಟ್ಟುಕೊಳ್ಳಿ.

ಇನ್ನು, ಬಂದರಿನಿಂದ ಹಡಗನ್ನು ಹೊರಗೆ ನಡೆಸಲು ಸ್ಥಳೀಯ ಪೈಲಟ್ ಬರುತ್ತಾನೆ. ಚಳಿಗಾಲದ ಶನಿವಾರ ಮಯಾಮಿಯಿಂದ ಹಲವು ಹಡಗುಗಳು ಹೊರಡುತ್ತವೆ, ಎಲ್ಲವೂ ಒಂದೇ ಇಕ್ಕಟ್ಟಾದ ಕಾಲುವೆಯಲ್ಲಿ ಸಾಲಾಗಿ ಹೋಗಬೇಕು. ತಡ ಮಾಡಿ ಆಮೇಲೆ ಸ್ಪೀಡಾಗಿ ಹೋದರಾಯಿತು ಅನ್ನುವಂತೆಯೂ ಇಲ್ಲ. ಹಡಗಿನ ವೇಗ ಸ್ವಲ್ಪ ಏರಿಸಿದರೂ ಇಂಧನ ವಿಪರೀತ ಜಾಸ್ತಿ ಸುಡುತ್ತದೆ, ವೇಗ ದುಪ್ಪಟ್ಟಾದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟು ಪಟ್ಟು. ನೂರಾರು ಜನ ಒಟ್ಟಿಗೆ ಸಿಕ್ಕಿಕೊಂಡಾಗ ಹಡಗು ತಡ ಮಾಡಿದ್ದು ಇಲ್ಲವೇ ಇಲ್ಲ ಅಂತಲ್ಲ. ನಾಲ್ಕು ಜನಕ್ಕೆ ಮಾಡುವುದಿಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೋಮೆ ದ್ವೀಪದಲ್ಲಿ ಎಂಟು ಜನ ಸುತ್ತಾಟ ಮುಗಿಸಿ ತಡವಾಗಿ ಬಂದಾಗ ಹಡಗು ಅಲ್ಲೇ ಲಂಗರು ಹಾಕಿತ್ತು. ಆದರೂ ಹತ್ತಿಸಿಕೊಳ್ಳಲಿಲ್ಲ. ಅವರು ದೇಶ ದೇಶ ದಾಟಿ ಸೆನೆಗಲ್‌ನಲ್ಲಿ ಹಡಗು ಹಿಡಿದರು.

ಈಗ ಮುಂದಿನ ಬಂದರಿನ ವಿಷಯ. ಇಂಟರ್ನೆಟ್ಟಿನಲ್ಲಿ ಇದರ ಬಗ್ಗೆ ಸಿಗುವ ಸಲಹೆಯೆಲ್ಲ ಹೆಚ್ಚಾಗಿ ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಬರೆದದ್ದು. ನಮ್ಮ ಕಥೆ ಬೇರೆ.

ನನಗೆ ಮೊದಲು ಹೊಳೆದದ್ದು ಕೀ ವೆಸ್ಟ್. ಮಯಾಮಿಯಿಂದ ರಸ್ತೆಯಲ್ಲಿ 260 ಕಿಲೋಮೀಟರ್, ನಾಲ್ಕು ಗಂಟೆ. ರಾತ್ರಿಯೇ ಕಾರು ಬಾಡಿಗೆಗೆ ತೆಗೆದು ಹೋದರೆ ಬೆಳಿಗ್ಗೆ ಹಡಗು ಅಲ್ಲಿಗೇ ಬರುತ್ತದಲ್ಲ. ಹಡಗಿನ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ತುಂಬಾ ಸಮಾಧಾನದಿಂದ, ಆಗುವುದಿಲ್ಲ ಸರ್, ಕಾನೂನು ಬಿಡುವುದಿಲ್ಲ ಅಂದಳು. 1886ರಷ್ಟು ಹಳೆಯ ಕಾನೂನು ಅದು. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಇನ್ನೊಂದು ಬಂದರಿನಲ್ಲಿ ಇಳಿಸಬೇಕಾದರೆ ಮಧ್ಯೆ ದೂರದ ಹೊರದೇಶದ ಬಂದರಿಗೆ ಹೋಗಿರಬೇಕು. ಕೊಜುಮೆಲ್ ಆ ದೂರದ ಲೆಕ್ಕಕ್ಕೆ ಬರುವುದಿಲ್ಲ. ಮಯಾಮಿಯಿಂದ ಹೊರಡುವ ದೊಡ್ಡ ಹಡಗುಗಳೆಲ್ಲ ಬಹಾಮಾಸ್, ಪನಾಮಾದಂಥ ಕಡೆ ನೋಂದಣಿಯಾದವು. ಹಾಗಾಗಿ ಕೀ ವೆಸ್ಟ್‌ನಲ್ಲಿ ಹತ್ತಿ ಮಯಾಮಿಯಲ್ಲಿ ಇಳಿದರೆ ತಲೆಗೆ ಇಷ್ಟು ಅಂತ ದಂಡ ಬೀಳುತ್ತದೆ. ಮಯಾಮಿಯಲ್ಲಿ ಹತ್ತಿ ಮಯಾಮಿಯಲ್ಲೇ ಇಳಿಯುವವರಿಗೆ ಈ ತೊಂದರೆ ಇಲ್ಲ.

ಉಳಿದದ್ದು ಕೊಜುಮೆಲ್. ಅಲ್ಲಿಗೆ ವಿಮಾನದಲ್ಲಿ ಹೋಗಿ ಹತ್ತಲು ಈ ಕಾನೂನು ಅಡ್ಡ ಬರುವುದಿಲ್ಲ. ಆದರೆ ಮೆಕ್ಸಿಕೋಗೆ ವಿಮಾನದಲ್ಲಿ ಇಳಿಯಲು ಭಾರತೀಯರಿಗೆ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋ ವೀಸಾ ಬೇಡ. ಅಪ್ಪ ಅಮ್ಮನ ಹತ್ತು ವರ್ಷದ ವೀಸಾ ಚೆನ್ನಾಗಿತ್ತು. ನಮ್ಮಿಬ್ಬರ ಎಚ್‌-1ಬಿ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಕೆಲಸದ ವೀಸಾ, ಅವಧಿ ಮುಗಿದು ಹೋಗಿತ್ತು. ಕೈಯಲ್ಲಿದ್ದದ್ದು ಬರೀ ಐ-797, ಅಂದರೆ ಇಲ್ಲಿ ಇದ್ದು ಕೆಲಸ ಮಾಡಲು ಸರ್ಕಾರ ಕೊಟ್ಟ ಒಪ್ಪಿಗೆ ಪತ್ರ. ಆ ವರ್ಷ ಊರಿಗೆ ಹೋಗಿ ಸ್ಟಾಂಪಿಂಗ್ ಮಾಡಿಸೋಣ ಅಂದರೆ ಅಮೆರಿಕದ ಕಾನ್ಸುಲೇಟಿನಲ್ಲಿ ಸ್ಲಾಟ್ ಸಿಗುತ್ತಿರಲಿಲ್ಲ. 30 ದಿನದೊಳಗೆ ಮೆಕ್ಸಿಕೋಗೆ ಹೋಗಿ ಬರುವುದಾದರೆ, ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂಬ ದಾಖಲೆ) ಸರಿಯಿದ್ದರೆ, ಹಳೆಯ ಸ್ಟಾಂಪಿಂಗ್ ಮೇಲೆಯೇ ಅಮೆರಿಕ ವಾಪಸ್ ಬಿಡುತ್ತದೆ. ಆ ಧೈರ್ಯದ ಮೇಲೆಯೇ ನಾನು ಕ್ರೂಸ್ ಬುಕ್ ಮಾಡಿದ್ದು. ಆದರೆ ಅದು ಅಮೆರಿಕದ ನಿಯಮ. ನಮ್ಮನ್ನು ವಿಮಾನದಲ್ಲಿ ಒಳಗೆ ಬಿಡಬೇಕಾದದ್ದು ಮೆಕ್ಸಿಕೋ. ನೀವಿಬ್ಬರೇ ಹೋಗಿ ಬನ್ನಿ ಎಂದು ಅಪ್ಪ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿಯೂ ಕೇಳಿಸದವಳಂತೆ ಚಕ್ಕುಲಿ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದಳು.

ಹಾಗಾಗಿ ಇವತ್ತೇ ನಿಮ್ಮಿಬ್ಬರ, ಅತ್ತೆ ಮಾವನ ಪಾಸ್‌ಪೋರ್ಟ್ ತೆಗೆದು ವೀಸಾ ದಿನಾಂಕ ನೋಡಿ. ನಾಲ್ವರದೂ ಸರಿಯಿದ್ದರೆ ಕೊಜುಮೆಲ್ ಒಂದು ದಾರಿ. ಒಬ್ಬರದು ಸರಿಯಿಲ್ಲದಿದ್ದರೂ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ.

ಮರುದಿನ ಸುಮ್ಮನೆ ಹೋಟೆಲಿನಲ್ಲಿ ಕೂರುವುದು ಬೇಡ ಎಂದು ಕೀ ವೆಸ್ಟ್‌ಗೆ ಕಾರಿನಲ್ಲಿ ಹೋದೆವು. ಎರಡೂ ಕಡೆ ಸಮುದ್ರ, ಮಧ್ಯೆ ಉದ್ದದ ಸೇತುವೆ. ಊರು ಮುಟ್ಟಿ ದಡಕ್ಕೆ ನಡೆದರೆ ಅಲ್ಲಿ ನಮ್ಮ ಹಡಗು ಕಟ್ಟಿ ನಿಂತಿತ್ತು. "ಅದೇ ಅಲ್ವೇನೋ?" ಅಂದರು ಅಪ್ಪ. ಹೌದು ಅಂದೆ. ನಮ್ಮ ರೂಮು ಯಾವ ಕಡೆ ಇತ್ತು ಎಂದು ಕೇಳಿದರು. ಆರನೇ ಮಹಡಿ, ಈ ಕಡೆಯೇ ಎಂದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಒಂದು ಫೋಟೋ ತೆಗೆ ಅಂದರು. ಆ ಫೋಟೋ ಈಗಲೂ ಸಾಗರದ ಮನೆಯ ಟಿವಿ ಪಕ್ಕ ಇದೆ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬಾರದವರಿಗೆ ಕ್ರೂಸ್ ಟಿಕೆಟ್ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ತೆರಿಗೆ, ಬಂದರು ಶುಲ್ಕ ಬರುತ್ತದೆ, ನಮಗೂ ಬಂತು. ಫ್ಲೈಟ್ ರದ್ದಾಗಿ ನೀವು ಹೋಗುವುದೇ ಬೇಡ ಅಂದರೆ ವಿಮಾನ ಕಂಪನಿ ಟಿಕೆಟ್ ಹಣ ಕೊಡಲೇಬೇಕು. 2024ರಿಂದ ಅಮೆರಿಕದೊಳಗಿನ ಫ್ಲೈಟ್ 3 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾದರೂ ಹಾಗೆಯೇ. ಆದರೆ ಹವಾಮಾನ ಕಾರಣವಾದರೆ ಹೋಟೆಲ್, ತಪ್ಪಿದ ಕ್ರೂಸ್ ಯಾವುದನ್ನೂ ಅವರು ಕೊಡಬೇಕಾಗಿಲ್ಲ. ಅತ್ತೆ ಮಾವನಿಗೆ ಇನ್ಶೂರೆನ್ಸ್ ಇದೆ ಎಂದು ಬರೆದಿದ್ದೀರಿ. ಅದು ವಿಸಿಟರ್ ಮೆಡಿಕಲ್ ಇನ್ಶೂರೆನ್ಸ್ ಇರಬೇಕು, ಕಾಯಿಲೆಗೆ ಆಗುತ್ತದೆ, ಇದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಟ್ರಿಪ್ ಇನ್ಶೂರೆನ್ಸ್ ಬೇರೆ. ಅದನ್ನು ಈಗಲೇ ಮಾಡಿಸಿ. ಬಿರುಗಾಳಿ ಬರುತ್ತದೆ ಎಂದು ಸುದ್ದಿ ಬಂದ ಮೇಲೆ ಮಾಡಿಸಿದರೆ ಆ ಬಿರುಗಾಳಿಗೆ ಅನ್ವಯಿಸುವುದಿಲ್ಲ.

ನನ್ನ ದೊಡ್ಡ ತಪ್ಪು ಬೇರೆಯೇ ಇತ್ತು. ಬುಧವಾರ, ಅಂದರೆ ಎರಡು ದಿನ ಮೊದಲು, ವಿಮಾನ ಕಂಪನಿಯಿಂದ ಮೆಸೇಜ್ ಬಂದಿತ್ತು. ಹವಾಮಾನ ಕೆಡುವ ಹಾಗಿದೆ, ಹೆಚ್ಚುವರಿ ದುಡ್ಡು ಕೊಡದೆ ದಿನಾಂಕ ಬದಲಾಯಿಸಿಕೊಳ್ಳಬಹುದು ಅಂತ. ಇದಕ್ಕೆ ವೇವರ್ ಅನ್ನುತ್ತಾರೆ. ಗುರುವಾರ ಬೆಳಿಗ್ಗೆಯ ಫ್ಲೈಟ್‌ನಲ್ಲಿ ಸೀಟೂ ಇತ್ತು. ಹೆಂಡತಿಗೆ ಆಫೀಸಿನ ಕೆಲಸ ಒಂದು ದಿನ ಬಾಕಿ ಇತ್ತು, ನೋಡೋಣ ಅಂದುಕೊಂಡೆ. ಗುರುವಾರ ಸಂಜೆ ಹೊತ್ತಿಗೆ ಸೀಟು ಒಂದೂ ಉಳಿದಿರಲಿಲ್ಲ. ನಿಮಗೆ ಅಂಥ ಮೆಸೇಜ್ ಬಂದರೆ ಆ ಗಂಟೆಯೇ ಬದಲಾಯಿಸಿ. ದಿನದ ಮೊದಲ ಫ್ಲೈಟ್, ನೇರ ಫ್ಲೈಟ್ ತೆಗೆಯಿರಿ. ಮಯಾಮಿಗೆ ಸೀಟಿಲ್ಲದಿದ್ದರೆ ಫೋರ್ಟ್ ಲಾಡರ್‌ಡೇಲ್ ಕೇಳಿ, ಅಲ್ಲಿಂದ ಬಂದರಿಗೆ ಒಂದು ಗಂಟೆಯೂ ಬೇಡ. ಅದೂ ಇಲ್ಲದಿದ್ದರೆ ಒರ್ಲಾಂಡೋ. ಅಲ್ಲಿನ ಏರ್‌ಪೋರ್ಟಿನಿಂದಲೇ ಮಯಾಮಿಗೆ ಬ್ರೈಟ್‌ಲೈನ್ ರೈಲಿದೆ, ಮೂರೂವರೆ ಗಂಟೆ.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ತಡವಾದರೆ ಹಡಗಿನ ಕಂಪನಿಗೆ ಏರ್‌ಪೋರ್ಟಿನಿಂದಲೇ ಫೋನ್ ಮಾಡಿ. ಹಡಗು ಹೋದ ಮೇಲಲ್ಲ, ಹೊರಡುವ ಮುಂಚೆ. ನೀವು ಬರುತ್ತೀರಿ, ಕೊಜುಮೆಲ್‌ನಲ್ಲಿ ಹತ್ತುತ್ತೀರಿ ಎಂದು ಬರೆಸಿಕೊಳ್ಳದಿದ್ದರೆ ಬಾರದವರ ಪಟ್ಟಿಗೆ ಸೇರಿಸಿ ರೂಮನ್ನೇ ರದ್ದು ಮಾಡಿಬಿಡಬಹುದು. ಆ ನಂಬರನ್ನು ಈಗಲೇ ಎಲ್ಲರ ಫೋನಿನಲ್ಲಿ ಹಾಕಿಡಿ.

ಇನ್ನೊಂದು. ಅಪ್ಪನ ಬಿಪಿ ಮಾತ್ರೆ ದೊಡ್ಡ ಸೂಟ್‌ಕೇಸಿನಲ್ಲಿತ್ತು. ಆ ಸೂಟ್‌ಕೇಸ್ ನಮ್ಮ ಕೈಗೆ ಬಂದದ್ದು 27ಕ್ಕೆ. ಇಲ್ಲಿ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಡುವುದಿಲ್ಲ ಅಲ್ವಾ, ಕ್ರಿಸ್ಮಸ್ ದಿನ ತೆರೆದಿರುವ ಡಾಕ್ಟರನ್ನು ಹುಡುಕಿಕೊಂಡು ಅಲೆದೆವು. ಅತ್ತೆ ಮಾವನ ಒಂದು ವಾರದ ಮಾತ್ರೆ, ಅವರ ಡಾಕ್ಟರ್ ಚೀಟಿಯ ಫೋಟೋ, ನಾಲ್ವರ ಪಾಸ್‌ಪೋರ್ಟ್, ಒಂದೊಂದು ಜೊತೆ ಬಟ್ಟೆ ನಿಮ್ಮ ಹೆಗಲ ಚೀಲದಲ್ಲೇ ಇರಲಿ. ಗೇಟಿನಲ್ಲಿ ಜಾಗ ಇಲ್ಲ ಎಂದು ಚೀಲ ಕೇಳುತ್ತಾರೆ. ಬೇರೆ ಯಾವುದನ್ನಾದರೂ ಕೊಡಿ, ಅದನ್ನು ಮಾತ್ರ ಕೊಡಬೇಡಿ.